ಜೆಸಿಬಿಗೆ ಅಡ್ಡ ಕೂತ ಓಬಮ್ಮ

ಕೊಟ್ಟೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಮಾತಾಡುತ್ತಿದ್ದರು. ಚಿಕ್ಕವಳ ಕೊರಳಲ್ಲಿ ಶಿಲುಬೆಯ ಸರವಿತ್ತು, ದೊಡ್ಡವಳ ಹಣೆಯ ತುಂಬ ಮೈಲಾರಲಿಂಗನ ಭಂಡಾರದ ಅರಿಶಿನ.

“ಓಬಕ್ಕಾ, ನಮ್ಮ ಚರ್ಚು ಕೆಡವಾಕ ಬಂದ ಜೆಸಿಬಿಗೆ ಅಡ್ಡ ಕುಂತಿದ್ಯಂತ?”

“ಹೂಂ ರೋಜಾ, ಕುಂತಿದ್ದೆ. ನಿಮ್ಮವ್ವ, ನಮ್ಮವ್ವ ಕೂಡಿ ಕಲ್ಲು ಹೊತ್ತು ಕಟ್ಟಿದ್ದು ಅದು.”

“ಗ್ವಾಡಿ ಬಿರುಕು ಬಿಟ್ಟೈತಿ. ದೊಡ್ಡದು ಕಟ್ಟೋಣಂತ ನಾವೆಲ್ಲಾ ಕೈ ಎತ್ತೀವಿ.”

“ಬಿರುಕಿಗೆ ಸಿಮೆಂಟ್ ಐತಿ. ಸಿಸ್ಟರಮ್ಮ ನನ್ನ ಹೆರಿಗಿ ಮಾಡಿಸಿದ್ದು ಅದರ ಪಡಸಾಲ್ಯಾಗ. ಆವತ್ತಿನಿಂದ ಅಲ್ಲಿರೋ ಮರಿಯವ್ವಗ ದೀಪ ಹಚ್ಚಾದು ಬಿಟ್ಟಿಲ್ಲ.”

“ಫಾದರ್ ಏನಂದ್ರು?”

“‘ಯಾರಮ್ಮಾ ನೀವು? ಭಾನುವಾರದ ಪೂಜೆಯಲ್ಲಿ ನಿಮ್ಮನ್ನ ನೋಡೇ ಇಲ್ಲ’ ಅಂದ್ರು. ಮೊದಲು ಗಾಡಿ ಹಿಂದಕ್ಕ ಕಳಸ್ರಿ, ಆಮ್ಯಾಗ ಹೇಳ್ತೀನಿ ಅಂದೆ. ನಕ್ಕು ಕಳಿಸೇಬಿಟ್ರು.”

ರೋಜಾ ಕೊರಳ ಶಿಲುಬೆಯನ್ನು ಬೆರಳಲ್ಲಿ ಹಿಡಿದಳು. “ನನ್ನ ಜ್ಞಾನಸ್ನಾನಾನೂ ಅಲ್ಲೇ ಆಗಿದ್ದು ನೋಡು,” ಎಂದಳು ಮೆಲ್ಲಗೆ.

ಅಷ್ಟರಲ್ಲಿ ಹರಪನಹಳ್ಳಿ ಬಸ್ಸು ಬಂತು.

“ಈ ಭಾನುವಾರ ಪೂಜಿಗೆ ಬಾರಕ್ಕಾ, ನನ್ನ ಪಕ್ಕ ಕುಂದ್ರುವಂತಿ.”

“ಅಯ್ಯ, ಭಾನುವಾರ ನಮ್ಮ ಮೈಲಾರಲಿಂಗನ ವಾರ, ನನಗೆಲ್ಲಿ ಪುರುಸೊತ್ತು? ಅದೊಂದಿನ ನಿಮ್ಮ ಚರ್ಚು ನೀವೇ ನೋಡ್ಕೊಳ್ರಿ,” ಎನ್ನುತ್ತ ಓಬಮ್ಮ ಬಸ್ಸು ಹತ್ತಿದಳು.