ಮುಂದಿನ ಸಿಲಿಂಡರಿಗೆ ಹೋದ ತಂತಿ

ಕುಕ್ಕರಿನ ಮುಚ್ಚಳ ಹಿಡಿದು ರಬ್ಬರ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಅಡುಗೆಯವಳಿಗೆ ಮುಂದಿದ್ದ ಅಕ್ಕ ತಮ್ಮಂದಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಆ ತಮ್ಮ, ಮನೆಯ ಶೆಡ್ಡಿನಲ್ಲೇ ಪುಟ್ಟ ವಿಮಾನ ಕಟ್ಟಿದ್ದಾನೆಂದು ತಿಳಿಯಲು ಹೊತ್ತು ಹಿಡಿಯಲಿಲ್ಲ.

“ಹಾರಿದಾಗೆಲ್ಲ ಇಂಜಿನ್ ವಿಪರೀತ ಕಾಯ್ತಿತ್ತಲ್ಲ, ಸರಿಹೋಯ್ತಾ?”

“ಹೂಂ ಅಕ್ಕ. ನಿನ್ನೆ ಶಾಖದ ಮೀಟರ್ ಸೂಜಿ ಕೆಂಪು ಗೆರೆ ಹತ್ರಾನೂ ಹೋಗ್ಲಿಲ್ಲ.”

“ಮತ್ತೆ ಈ ರಬ್ಬರ್ ಪಟ್ಟಿ ಯಾಕೆ?”

“ಇಂಜಿನ್ ಸುತ್ತ ಇರೋ ತಗಡಿನ ಸಂದು ಮುಚ್ಚೋಕೆ. ಒಳಗೆ ಬಂದ ಗಾಳಿ ಅಲ್ಲೇ ನುಸುಳಿ ಹೋಗುತ್ತೆ, ಹಿಂದಿನ ಸಿಲಿಂಡರ್‌ಗೆ ಸಿಗಲ್ಲ.”

“ಗಾಳಿ ಸಿಗದೆ ಸೂಜಿ ಹೇಗಪ್ಪ ಇಳೀತು?”

ಅವನು ದನಿ ತಗ್ಗಿಸಿದ.

“ಶಾಖ ಅಳೆಯೋ ತಂತೀನ ಹಿಂದಿನದರಿಂದ ಬಿಚ್ಚಿ ಮುಂದಿನ ಸಿಲಿಂಡರ್‌ಗೆ ಹಾಕಿದೆ.”

“ಅದಕ್ಕೆ ನೇರ ಗಾಳಿ ಹೊಡೆಯುತ್ತೆ. ಅದು ಯಾವತ್ತು ಕಾದಿತ್ತು?”

“ಅಪ್ಪ ದಿನಾ ಹಂಗಿಸ್ತಾರೆ, ನಿನ್ನ ತಗಡಿನ ವಿಮಾನ ಯಾವಾಗ ಸರಿಹೋಗುತ್ತೆ ಅಂತ. ಇವತ್ತು ಸಾಯಂಕಾಲ ನಿಮ್ಮನ್ನ ಕೂರಿಸ್ಕೊಂಡು ಹಾರ್ತೀನಿ ಅಂತ ಮಾತು ಕೊಟ್ಬಿಟ್ಟೆ. ಒಂದೇ ಸುತ್ತು ಅಕ್ಕ, ಪಟ್ಟಿ ನಾಳೆ ಅಂಟಿಸ್ತೀನಿ.”

ಅಕ್ಕ ಕೈ ಚಾಚಿದಳು. “ಶೆಡ್ಡಿನ ಬೀಗದ ಕೈ ಕೊಡು.”

“ಅಪ್ಪಂಗೆ ಏನು ಹೇಳ್ಲಿ?”

“ಈಗ ನನಗೆ ಹೇಳಿದ್ದನ್ನೇ ಹೇಳು.”

“ಬಾಯಿಗೆ ಬಂದ ಹಾಗೆ ಬೈತಾರೆ.”

“ಬೈಲಿ. ಬೈಯೋಕೆ ಅವರಿರ್ತಾರೆ, ಬೈಸ್ಕೊಳ್ಳೋಕೆ ನೀನಿರ್ತೀಯ. ನನಗಷ್ಟು ಸಾಕು.”

ಬೀಗದ ಕೈ ಅಕ್ಕನ ಚೀಲ ಸೇರಿತು. ಅವಳು ತಿರುಗಿಯೂ ನೋಡದೆ ಬಿರಬಿರನೆ ನಡೆದಳು. ಅಂಗಡಿಯವನು ಸುತ್ತಿಕೊಟ್ಟ ಪಟ್ಟಿಯನ್ನು ಎದೆಗವಚಿಕೊಂಡು ತಮ್ಮ ಅವಳ ಹಿಂದೆ ಹಿಂದೆ ಹೋದ.