ಒಂಬತ್ತು ತಿಂಗಳು ನಡೆಸಿ ನೋಡಿದ್ದು

ಬಿ.ಸಿ.ರೋಡಿನ ಬಸ್‌ನಿಲ್ದಾಣದಲ್ಲಿ ಮೂಡುಬಿದಿರೆ ಬಸ್ಸಿಗೆ ಕಾಯುತ್ತಿದ್ದ ನೀಲಾವತಿ ಟೀಚರಿಗೆ ಪಕ್ಕದ ಗಂಡಹೆಂಡತಿಯ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಹೆಂಡತಿ ಮಸ್ಕತ್ತಿನಲ್ಲಿ ನರ್ಸು, ಈಗ ರಜೆಯಲ್ಲಿ ಬಂದವಳು ಎಂಬುದು ಅಷ್ಟರಲ್ಲೇ ಗೊತ್ತಾಗಿತ್ತು.

“ನಲವತ್ತೆಂಟು ವರ್ಷಕ್ಕೇ ಕೆಲಸ ಬಿಡುವುದು ಹೇಗೆ? ಇನ್ನು ಎರಡು ವರ್ಷ ದುಡೀತೇನೆ.”

“ಹೋದ ವರ್ಷವೂ ಎರಡು ಅಂದಿದ್ದಿ, ಸುಪ್ರೀತಾ.”

“ನನ್ನ ಸಂಬಳ ಇಲ್ಲದೆ ಮನೆ ನಡೆದೀತಾ?”

“ನಡೀತದೆ. ಒಂಬತ್ತು ತಿಂಗಳಿಂದ ನಡೆಸಿ ನೋಡಿದ್ದೇನೆ. ಅಂಗಡಿಕೋಣೆಯ ಬಾಡಿಗೆ, ನನ್ನ ಹೊಲಿಗೆಯ ದುಡಿಮೆ, ಅಷ್ಟರಲ್ಲೇ. ನೀನು ಕಳಿಸಿದ್ದೆಲ್ಲ ಬ್ಯಾಂಕಿನಲ್ಲಿ ಹಾಗೇ ಉಂಟು.”

ಅವಳು ಅವನ ಕಡೆಗೆ ತಿರುಗಿ ಕೂತಳು.

“ಹಾಗಾದರೆ ಕಾರು ಗ್ಯಾರೇಜಿನಲ್ಲಿ ಉಂಟು ಅಂದದ್ದು?”

“ಅದನ್ನು ಮಾರಿ ಆಯಿತು. ನೀನು ಬೈತಿ ಅಂತ ಹೇಳಲಿಲ್ಲ.”

ನೀಲಾವತಿ ಟೀಚರು ನಗು ಅಡಗಿಸಲು ಮುಖ ಆಚೆ ತಿರುಗಿಸಿದರು.

“ಮತ್ತೆ ಏನೆಲ್ಲ ಬಿಟ್ಟಿರಿ?”

“ದುಬಾರಿ ಮೀನು ಅಂಜಲ್ ತರುವುದು ಬಿಟ್ಟೆ, ಅಗ್ಗದ ಬಂಗುಡೆ ತರ್ತೇನೆ. ಹದಿನೈದು ದಿನದಿಂದ ನೀನೂ ಅದನ್ನೇ ಉಣ್ತಿದ್ದಿ. ಏನಾದರೂ ಕಮ್ಮಿ ಆಯಿತಾ?”

“ನನಗೇನೂ ಆಗಲಿಲ್ಲ. ಒಬ್ಬರೇ ಇದ್ದು ನಿಮಗೆ ಕಷ್ಟ ಆಗಿರಬೇಕು.”

“ಖರ್ಚು ಕಮ್ಮಿ ಮಾಡುವುದು ಕಷ್ಟ ಆಗಲಿಲ್ಲ ಮಾರಾಯ್ತಿ. ಒಬ್ಬನೇ ಕೂತು ಉಣ್ಣುವುದು ಕಷ್ಟ.”

ಅಷ್ಟರಲ್ಲಿ ಪೊಳಲಿಯ ಬಸ್ಸು ಬಂತು. ಇಬ್ಬರೂ ಎದ್ದರು.

“ಮಾರ್ಚಿಗೆ ನನ್ನ ಕರಾರು ಮುಗೀತದೆ,” ಎಂದಳು ಅವಳು ಸೆರಗು ಸರಿಪಡಿಸಿಕೊಳ್ಳುತ್ತ. “ಇನ್ನೊಂದಕ್ಕೆ ಸಹಿ ಹಾಕುವುದಿಲ್ಲ.”

ಗಂಡ ಅವಳ ಕೈಯ ಚೀಲವನ್ನು ತಾನು ತೆಗೆದುಕೊಂಡ. ಅವಳು ಮೊದಲು ಹತ್ತಿ, ಕಿಟಕಿಯ ಪಕ್ಕಕ್ಕೆ ಸರಿದು ಕೂತು, ಅವನಿಗೆ ಜಾಗ ಮಾಡಿದ್ದನ್ನು ಟೀಚರು ಬಸ್ಸು ತಿರುಗುವವರೆಗೂ ನೋಡಿದರು.