ಹೋಗುವ ಮಕ್ಕಳ ಕೌದಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅಕ್ಕನ ಯಜಮಾನರಿಗೆ, ಮಗಳಿಗೆ, ಆಸ್ಪತ್ರೆಯ ಹಿರಿಯರಿಗೆ, ನಮ್ಮ ಹೊಲಿಗೆ ಕೋಣೆಯವರಿಗೆ — ನಮಸ್ಕಾರ. ನನಗೆ ಮಿಷನ್ನಿನ ಮುಂದೆ ಕೂತು ಅಭ್ಯಾಸ, ಮೈಕಿನ ಮುಂದೆ ನಿಂತು ಅಲ್ಲ. ಮಾತು ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ದಿವಂಗತರನ್ನು ನಾವ್ಯಾರೂ ಹೆಸರು ಹಿಡಿದು ಕರೆದವರಲ್ಲ. ಗುಂಡುಸೂಜಿ ಅಕ್ಕ. ತುಟಿಗಳ ನಡುವೆ — ಹೀಗೆ — ಯಾವಾಗಲೂ ಗುಂಡುಸೂಜಿ. ಬಾಯಿ ತೆರೆಯದೆ ಬೈಯುವ ವಿದ್ಯೆ ಅವರೊಬ್ಬರಿಗೇ ಗೊತ್ತಿತ್ತು. "ಹ್ಞೂಂ" ಅಂದರೆ ಸರಿ. "ಹ್ಞೂಂಹ್ಞೂಂ" ಅಂದರೆ ಬಿಚ್ಚು, ಮತ್ತೆ ಹೊಲಿ. ನಗಿ, ಪರವಾಗಿಲ್ಲ. ಇದ್ದಿದ್ದರೆ ಅವರೂ ನಗುತ್ತಿದ್ದರು, ಸೂಜಿ ಉದುರದ ಹಾಗೆ.

ಹೋದ ತಿಂಗಳು ಒಂದು ಬೆಳಗ್ಗೆ ಅಕ್ಕ ಮಿಷನ್ನಿನ ಮೇಲೆ ಬಾಗಿದರು. ಸೂಜಿಗೆ ದಾರ ಪೋಣಿಸುತ್ತಿದ್ದಾರೆ ಅಂದುಕೊಂಡೆ. ಅಷ್ಟೇ — ಮುಗಿದೇ ಹೋಯಿತು. ಮೇಲಿನ ಮಹಡಿಯ ತುಂಬ ಡಾಕ್ಟರುಗಳು, ಕೆಳಗೆ ನಮ್ಮ ಅಕ್ಕ ಯಾರನ್ನೂ ಕರೆಯದೆ ಹೊರಟುಹೋದರು. ನನಗೆ ಇವತ್ತಿಗೂ ಸಿಟ್ಟಿದೆ. ಯಾರ ಮೇಲೆ ಅಂತ ಗೊತ್ತಿಲ್ಲ.

ಹೊರಗಿನಿಂದ ಬಂದವರಿಗೆ ನಮ್ಮ ಕೆಲಸ ಹೇಳಬೇಕು. ಬಟ್ಟೆ ಕಾರ್ಖಾನೆಯಿಂದ ಕತ್ತರಿಸಿದ ಚೌಕಗಳು ಬರುತ್ತವೆ, ಅಂಗೈ ಅಗಲದವು — ಹೂವಿನದು, ಗೆರೆಯದು, ಚುಕ್ಕಿಯದು. ಚೌಕಕ್ಕೆ ಚೌಕ ಸೇರಿಸಿದರೆ ಸಾಲು, ಸಾಲಿಗೆ ಸಾಲು ಸೇರಿಸಿದರೆ ಕೌದಿ. ಇಲ್ಲಿ ಹುಟ್ಟಿದ ಮಗು ಅದನ್ನು ಹೊದ್ದು ಮನೆಗೆ ಹೋಗುತ್ತದೆ.

ಮನೆಗೆ ಹೋಗದ ಮಕ್ಕಳೂ ಇವೆ. ಅವನ್ನು ಹಳೇ ಬೆಡ್‌ಶೀಟಿನ ತುಂಡಿನಲ್ಲಿ ಸುತ್ತಿ ಕೊಡುತ್ತಿದ್ದರು. ಒಂದು ದಿನ ಅಕ್ಕ ಅದನ್ನು ಕಂಡರು. ನೇರ ಸ್ಟೋರಿಗೆ ಹೋಗಿ ಚೌಕ ಕೇಳಿದರು. ಸ್ಟೋರ್ ಅಣ್ಣ ಇಲ್ಲೇ ಕೂತಿದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ ಅಣ್ಣ — "ಹೋಗೋ ಮಗುಗೆ ಹೊಸದ್ಯಾಕಮ್ಮ?" ಅಂದಿರಿ. ಅಕ್ಕ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದರು. "ಅದೂ ಬಂದ ಮಗುನೇ ಅಲ್ವಾ ಅಣ್ಣ" ಅಂದರು. ನೀವು ಡಬ್ಬವನ್ನೇ ಎತ್ತಿ ಕೊಟ್ಟಿರಿ.

ಆವತ್ತಿನಿಂದ ಕಿಟಕಿ ಪಕ್ಕದ ಮಿಷನ್ನಿನಲ್ಲಿ ಆ ಚಿಕ್ಕ ಕೌದಿಗಳು. ನಮ್ಮನ್ನು ಮುಟ್ಟಗೊಡಲಿಲ್ಲ. "ನೀವಿನ್ನೂ ಹೆರೋರು, ಹೋಗ್ರೇ ಆ ಕಡೆ. ಎಲ್ಲರ ಎದೆನೂ ಯಾಕೆ ಭಾರ ಆಗ್ಬೇಕು, ನನ್ನೊಬ್ಬಳದು ಸಾಕು" ಅನ್ನೋರು. ನಾವು ಸುಮ್ಮನಾದೆವು. ಸುಮ್ಮನಾಗುವುದು ಬಹಳ ಸುಲಭವಿತ್ತು. ಅವನ್ನು ಹೊಲಿದಿಡುವ ಬುಟ್ಟಿ ಯಾವತ್ತೂ ಖಾಲಿ ಇರುತ್ತಿರಲಿಲ್ಲ, ಹಾಗಾಗಿ ನಾವು ಆ ಕಡೆ ನೋಡುತ್ತಲೂ ಇರಲಿಲ್ಲ.

ಮಗಳೇ, ನಿನ್ನೆ ನನ್ನನ್ನು ಕೇಳಿದೆಯಲ್ಲ — "ಅಮ್ಮ ಮನೇಲಿ ಸೂಜಿನೇ ಮುಟ್ತಿರ್ಲಿಲ್ಲ, ನನ್ನ ಫ್ರಾಕ್ ಹರಿದ್ರೂ ಹೊರಗೆ ಕೊಡ್ತಿದ್ರು, ಯಾಕೆ?" ಅಂತ. ಇದಕ್ಕೇ ಕಣಮ್ಮ. ಇದಕ್ಕೇ.

ಹೋದ ವಾರ ಬುಟ್ಟಿ ಖಾಲಿಯಾಯಿತು. ನರ್ಸ್ ಬಂದು ಬಾಗಿಲಲ್ಲಿ ನಿಂತಳು. "ಒಂದು ಚಿಕ್ಕದು ಬೇಕಿತ್ತು" ಅಂದಳು. ಯಾರೂ ತಲೆ ಎತ್ತಲಿಲ್ಲ. ಮಿಷನ್ನುಗಳು ಮಾತ್ರ ಇನ್ನೂ ಜೋರಾಗಿ ಓಡಿದವು. ನಾನು ಎದ್ದೆ — ಧೈರ್ಯದಿಂದಲ್ಲ, ದಾರ ತುಂಡಾಗಿ ನನ್ನ ಮಿಷನ್ ನಿಂತಿತ್ತು, ಕೇಳಿಸಲಿಲ್ಲ ಅನ್ನಲು ನೆಪ ಇರಲಿಲ್ಲ.

ಅಕ್ಕ ಅರ್ಧಕ್ಕೆ ಬಿಟ್ಟ ಸಾಲುಗಳು ಅಲ್ಲೇ ಇದ್ದವು. ಉಳಿದವನ್ನು ನಾನು ಹೊಲಿದೆ. ಚೌಕಗಳೆಲ್ಲ ಒಂದೇ ಅಳತೆ, ಕೈ ಬೇರೆ. ಹೊಲಿಗೆಯಾಚೆ ಅಕ್ಕ ಅಂಚು ಬಿಡುವುದು ಎಳೆಯಷ್ಟು, ನನ್ನದು ಧಾರಾಳ. ನನ್ನ ಸಾಲು ಗಿಡ್ಡವಾಯಿತು, ಮೂಲೆಗೆ ಮೂಲೆ ಕೂಡಲಿಲ್ಲ. ಬಿಚ್ಚಿದೆ, ಹೊಲಿದೆ, ಮತ್ತೆ ಬಿಚ್ಚಿದೆ. ಕೊನೆಗೆ ಎಳೆದು ಸೇರಿಸಿದೆ. ಒಂದು ಕಡೆ ಸುಕ್ಕು ನಿಂತೇಬಿಟ್ಟಿತು.

ನಾನೇ ಮೇಲಕ್ಕೆ ಒಯ್ದೆ. ಮಗುವಿನ ಅಪ್ಪ ಬಸ್ ಡ್ರೈವರು, ಡ್ಯೂಟಿಯಿಂದ ಹಾಗೇ ಓಡಿ ಬಂದಿದ್ದ. ಸುಕ್ಕಿನ ಬಗ್ಗೆ ಕ್ಷಮೆ ಕೇಳೋಣ ಅಂತ ಬಾಯಿ ತೆರೆದೆ. ಅವನು ಕೌದಿಯನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. "ಅಮ್ಮಾ, ಯಾವ ಕಡೆ ಒಳಗೆ ಬರ್ಬೇಕು?" ಅಂದ.

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಕೂತು ಆ ಒಂದು ಮಾತನ್ನು ನಾನು ಅಕ್ಕನನ್ನು ಕೇಳಿರಲಿಲ್ಲ. "ಬಣ್ಣ ಮಗು ಕಡೆಗಿರ್ಲಪ್ಪ" ಅಂದೆ. ಸರಿಯೋ ತಪ್ಪೋ. ಅವನು ಹಾಗೇ ಸುತ್ತಿದ.

ಸ್ನೇಹಿತರೇ, ನನಗಿಂತ ಮೊದಲು ಮಾತಾಡಿದವರು ಅಕ್ಕನನ್ನು ದೇವತೆ ಅಂದರು. ಅಲ್ಲ. ದಣಿದ ಹೆಂಗಸು. ಇಡೀ ಕೋಣೆ ಹೊರಬೇಕಾದ್ದನ್ನು ನಾವು ಒಬ್ಬಳ ಮೇಲೆ ಹೊರಿಸಿ ಆರಾಮಾಗಿದ್ದೆವು. ಇನ್ನು ಆ ಮಿಷನ್ನಿಗೆ ಒಬ್ಬರೇ ಬೇಡ, ನಾನೊಬ್ಬಳಂತೂ ಕೂರುವುದಿಲ್ಲ. ಸರದಿ ಮೇಲೆ ಎಲ್ಲರೂ.

ದಯವಿಟ್ಟು ಎದ್ದು ನಿಲ್ಲಿ. ಉಳಿದವರು ಕಣ್ಣು ಮುಚ್ಚಿ ಅಕ್ಕನನ್ನು ನೆನೆಯಿರಿ. ಹೊಲಿಗೆ ಕೋಣೆಯವರು ಮಾತ್ರ ಕಣ್ಣು ಮುಚ್ಚಬೇಡಿ, ತಲೆ ತಗ್ಗಿಸಬೇಡಿ. ಒಬ್ಬರ ಮುಖ ಒಬ್ಬರು ನೋಡಿ — ನಾಳೆ ಆ ಮಿಷನ್ನಿಗೆ ಮೊದಲು ಯಾರು ಅಂತ. ಮಾತು ಬೇಡ.